ಹದಿನಾಲ್ಕನೇ ಪ್ರಶ್ನೆ: ಮನೆಯಲ್ಲಿ ಲ್ಯಾಮಿನೇಟರ್ ಇದೆಯೇ?

ಹೋದ ವಾರ ಇಲ್ಲೇ ಸಿಡ್ನಿಯ ರೌಸ್ ಹಿಲ್‌ನಿಂದ ಸಿಂಚನಾ ಎಂಬ ಹುಡುಗಿ ನನಗೆ ಮೆಸೇಜ್ ಹಾಕಿದ್ದಳು. "ಆಂಟಿ, ನೀವಿದ್ದ ಕಂಪನೀಲೇ ನಂಗೆ ಕೆಲಸ ಸಿಕ್ತು. ಜಾಯ್ನಿಂಗ್ ಫಾರ್ಮ್ ತುಂಬ್ತಾ ಇದೀನಿ. ಹದಿನಾಲ್ಕನೇ ಪ್ರಶ್ನೆ ವಿಚಿತ್ರವಾಗಿದೆ. ನಿಮ್ಮ ಮನೇಲಿ ಯಾರ ಹತ್ರ ಆದ್ರೂ ಲ್ಯಾಮಿನೇಟರ್ ಇದೆಯಾ ಅಂತ ಕೇಳಿದಾರೆ. ಟ್ರಿಕ್ ಕ್ವೆಶ್ಚನ್ನಾ ಇದು?"

ಅಲ್ಲ ಸಿಂಚನಾ. ಆ ಪ್ರಶ್ನೆ ನನ್ನಿಂದ ಬಂದದ್ದು. ಸರಿಯಾಗಿ ಹೇಳಬೇಕೆಂದರೆ ನನ್ನ ಗಂಡನಿಂದ ಬಂದದ್ದು. ನಿನಗೊಬ್ಬಳಿಗೇ ಬರೆಯುವ ಬದಲು ಇಲ್ಲೇ ಎಲ್ಲರಿಗೂ ಕಾಣುವಂತೆ ಬರೆದುಬಿಡುತ್ತೇನೆ. ಏಕೆಂದರೆ ನಮ್ಮ ಜನ ಈ ವಿಷಯದಲ್ಲಿ ತಲೆಗೊಂದು ಕಥೆ ಹೇಳಿಕೊಂಡು ಓಡಾಡುತ್ತಿದ್ದಾರೆ. ಬ್ಲ್ಯಾಕ್‌ಟೌನ್‌ನಲ್ಲಿ ಒಂದು ಸತ್ಯನಾರಾಯಣ ಪೂಜೆಗೆ ಹೋಗಿದ್ದಾಗ ಕೇಳಿದ ಪ್ರಕಾರ, ನಾನು ಬೇಸ್‌ಬಾಲ್ ಕಾರ್ಡೊಂದನ್ನು ವಾಷಿಂಗ್ ಮೆಷಿನ್‌ಗೆ ಹಾಕಿದ್ದೆನಂತೆ. ಹೇಳುತ್ತಿದ್ದವರಿಗೆ ಅದು ನಾನೇ ಎಂದು ಗೊತ್ತಿರಲಿಲ್ಲ. ನಾನೂ ಪ್ರಸಾದ ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಆಟಗಾರರ ಚಿತ್ರ ಇರುವ ಅಂಗೈಯಗಲದ, ದಪ್ಪ ಕಾಗದದ ಕಾರ್ಡುಗಳಿರುತ್ತವೆ. ಬೇಸ್‌ಬಾಲ್, ಕ್ರಿಕೆಟ್, ಇಲ್ಲಿನವರು ಫುಟಿ ಎನ್ನುವ ಫುಟ್‌ಬಾಲ್, ಎಲ್ಲದಕ್ಕೂ ಇವೆ. ಜನ ಅವನ್ನು ಜೀವಮಾನವಿಡೀ ಕೂಡಿಸುತ್ತಾರೆ. ಕೂಡಿಸಿದ ಮೇಲೆ ಇದು ಅಸಲಿಯೋ ನಕಲಿಯೋ, ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ನಮ್ಮಂಥವರಿಗೆ ಕಳಿಸುತ್ತಾರೆ. ನಾವು ಭೂತಗನ್ನಡಿ ಹಿಡಿದು ನಾಲ್ಕು ಮೂಲೆ, ನಾಲ್ಕು ಅಂಚು, ಹಿಂದೆ ಮುಂದೆ ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತೇವೆ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸೀಲ್ ಮಾಡಿ ಕಳಿಸುತ್ತೇವೆ. ಅಷ್ಟೇ ಕೆಲಸ. ನಮ್ಮ ಅತ್ತೆ ಧಾರವಾಡದಲ್ಲಿ ಎಲ್ಲರಿಗೂ "ನಮ್ಮ ಸೊಸಿ ಸಿಡ್ನಿಯೊಳಗ ಪೇಪರ್ ಚೆಕ್ ಮಾಡ್ತಾಳ" ಎಂದು ಹೇಳಿ, ಹತ್ತು ವರ್ಷ ನನ್ನನ್ನು ಪ್ರೊಫೆಸರ್ ಮಾಡಿಟ್ಟಿದ್ದರು.

ನಾನು ಆ ಕೆಲಸಕ್ಕೆ ಹೋದದ್ದು ಲೇಬಲ್ ಅಂಟಿಸಲು. ಬೇಸ್‌ಬಾಲ್ ಎಂದರೆ ಏನೆಂದು ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಎರಡನೇ ವಾರ ನಮ್ಮ ಬಾಸ್ ಗ್ರೇಮ್ ಹತ್ತು ಅಂಕ ಕೊಟ್ಟಿದ್ದ ಕಾರ್ಡಿಗೆ ಲೇಬಲ್ ಅಂಟಿಸುವಾಗ, ಕೆಳಗಿನ ಅಂಚಿನಲ್ಲಿ ಬಣ್ಣ ಸವೆದು ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ಹೇಳಿದೆ. ಗ್ರೇಮ್ ಭೂತಗನ್ನಡಿ ಹಿಡಿದು ಐದು ನಿಮಿಷ ಹುಡುಕಿ, "ಕನ್ನಡಿ ಇಲ್ಲದೆ ಹೇಗೆ ಕಂಡಿತು?" ಎಂದ.

ಹೇಗೆ ಕಾಣದೆ ಇರುತ್ತದೆ? ಹುಬ್ಬಳ್ಳಿಯಲ್ಲಿ ನಮ್ಮ ಅವ್ವ ದಿನಾ ಮೊರದ ತುಂಬ ಅಕ್ಕಿ ಕೊಟ್ಟು ಕೂರಿಸುತ್ತಿದ್ದಳು. ಊಟದಲ್ಲಿ ಅಪ್ಪನ ಹಲ್ಲಿಗೆ ಒಂದು ಹರಳು ಸಿಕ್ಕರೆ ಮರುದಿನ ಎರಡು ಮೊರ. ಹದಿನೈದು ವರ್ಷ ಅಕ್ಕಿಯಲ್ಲಿ ಹರಳು ಹುಡುಕಿದ ಕಣ್ಣಿಗೆ ಬಿಳಿ ಗೆರೆ ಯಾವ ಲೆಕ್ಕ. ಮುಂದಿನ ತಿಂಗಳಿಂದ ನನಗೂ ಒಂದು ಮೇಜು, ಒಂದು ದೀಪ, ಒಂದು ಕನ್ನಡಿ.

ಗ್ರೇಮ್ ಬಗ್ಗೆ ಒಂದು ಮಾತು. ಆರಡಿ ಮೂರಂಗುಲದ ಮನುಷ್ಯ, ಕೂಗಾಡಿದ್ದು ನಾನು ಕಂಡಿಲ್ಲ. ಸಿಟ್ಟು ಬಂದರೆ ಹೊಸ ನಿಯಮ ಬರೆದು ಗೋಡೆಗೆ ಅಂಟಿಸುತ್ತಿದ್ದ. ಹೆಸರು ಹಾಕುತ್ತಿರಲಿಲ್ಲ. 'ಮೇಜಿನ ಮೇಲೆ ಮಾವಿನಹಣ್ಣು ತಿನ್ನುವಂತಿಲ್ಲ' ಎಂದು ಒಂದು ಇತ್ತು. ಮಾವಿನಹಣ್ಣು ತರುತ್ತಿದ್ದವಳು ಇಡೀ ಆಫೀಸಿನಲ್ಲಿ ನಾನೊಬ್ಬಳೇ.

ಕೆಲಸದ ಕಷ್ಟ ಕಣ್ಣಿನದಲ್ಲ, ಬಾಯಿಯದು. ನೋಡಿದ್ದನ್ನು ಹೇಳಬೇಕಲ್ಲ, ಅದು. ಒಮ್ಮೆ ಬ್ಲ್ಯಾಕ್‌ಟೌನ್‌ನಿಂದ ನಮ್ಮವರೇ ಒಬ್ಬ ಅಂಕಲ್ ಕ್ರಿಕೆಟ್ ಬ್ಯಾಟ್ ತಂದರು. ಹನ್ನೊಂದು ಜನ ಆಟಗಾರರ ಸಹಿ ಇದೆ, ಭಾಮೈದ ಕಷ್ಟಪಟ್ಟು ಹೋಟೆಲ್ ಲಾಬಿಯಲ್ಲಿ ಕಾದು ಹಾಕಿಸಿದ್ದು ಎಂದರು. ನೋಡಿದೆ. ಹನ್ನೊಂದು ಸಹಿಯೂ ಒಂದೇ ಪೆನ್ನು, ಒಂದೇ ಓರೆ, ಒಂದೇ ಕೈ.

"ಅಂಕಲ್, ನಿಮ್ಮ ಭಾಮೈದನ ಅಕ್ಷರ ದುಂಡಗದಾವೇನ್ರಿ?" ಎಂದು ಕೇಳಿದೆ.

"ಭಾಳ ಚಂದ ಅದಾವ. ಸಾಲಿಯೊಳಗ ಪ್ರೈಜ್ ಬಂದಿತ್ತು," ಎಂದರು ಹೆಮ್ಮೆಯಿಂದ.

ಪಕ್ಕದಲ್ಲಿದ್ದ ಅವರ ಹೆಂಡತಿಗೆ ಅರ್ಥವಾಯಿತು. ಮುಖ ಕೆಂಪಾಯಿತು. ಏನು ಮಾಡುವುದು, ಆ ಭಾಮೈದ ಆಕೆಯ ಸ್ವಂತ ತಮ್ಮ. ಆಮೇಲೆ ಎರಡು ವರ್ಷ ಆಕೆ ಯುಗಾದಿಯಲ್ಲಿ ನನಗೆ ಬೇವುಬೆಲ್ಲ ಕೊಡುವಾಗ ಬೇವನ್ನೇ ಆರಿಸಿ ಕೊಟ್ಟರು.

ಇನ್ನು ನಮ್ಮವರ ಇನ್ನೊಂದು ರೋಗ ಲ್ಯಾಮಿನೇಶನ್. ಬೆಲೆಬಾಳುವ ಕಾಗದ ಕಂಡ ಕೂಡಲೇ ಅದಕ್ಕೆ ಪ್ಲಾಸ್ಟಿಕ್ ಹೊದಿಸದಿದ್ದರೆ ನಮಗೆ ಸಮಾಧಾನವಿಲ್ಲ. ಮಾರ್ಕ್ಸ್ ಕಾರ್ಡಿನಿಂದ ಶುರುವಾದದ್ದು, ಸೋಫಾದ ಮೇಲೆ ಕವರ್, ರಿಮೋಟ್‌ಗೆ ಕವರ್. ಕಾರ್ಡಿನ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಬಿಸಿಗೆ ಅಂಟು ಕರಗಿ ಕಾಗದದ ಒಳಗೆ ಇಳಿದುಬಿಡುತ್ತದೆ, ಮತ್ತೆ ಬಿಡಿಸಲಾಗದು. ಲ್ಯಾಮಿನೇಟ್ ಆದ ಕಾರ್ಡಿಗೆ ಒಂದು ಅಂಕವೂ ಇಲ್ಲ. 'ಗ್ರೇಡ್ ಇಲ್ಲ' ಎಂದು ಬರೆದು ವಾಪಸ್ ಕಳಿಸುವುದು. ನಾನು ಎಷ್ಟು ಜನಕ್ಕೆ ಹಾಗೆ ಬರೆದು ಕಳಿಸಿದ್ದೇನೆಂದರೆ, ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನನಗೆ ಹತ್ತು ನಿಮಿಷ ಮೈಕ್ ಕೊಟ್ಟಾಗಲೂ ಅದನ್ನೇ ಹೇಳಿದೆ. "ಕಾರ್ಡಿರಲಿ, ಸಹಿ ಇರಲಿ, ಹಳೆ ಟಿಕೆಟ್ ಇರಲಿ, ಲ್ಯಾಮಿನೇಟ್ ಮಾಡಬೇಡಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಕೂತು ಜೋರಾಗಿ ತಟ್ಟಿದವರು ನನ್ನ ಗಂಡ ಶ್ರೀಕಾಂತ.

ಅವರೇ ಮರುವಾರ ಲ್ಯಾಮಿನೇಟರ್ ಕೊಂಡು ತಂದರು. ಸೂಪರ್‌ಮಾರ್ಕೆಟ್‌ಗೆ ಹಾಲು ತರಲು ಕಳಿಸಿದರೆ ನಡುಸಾಲಿನಲ್ಲಿ ಆಫರ್‌ಗೆ ಇಟ್ಟದ್ದನ್ನು ಎತ್ತಿಕೊಂಡು ಬರುವ ಜಾತಿ ಇವರದು. ಹಾಲು ಮರೆತಿದ್ದರು.

"ಯಾಕ್ರೀ ಇದು? ನಾ ಮೈಕ್‌ನ್ಯಾಗ ಹೇಳಿದ್ದು ಕೇಳಲಿಲ್ಲೇನು?"

"ನೀ ಹೇಳಿದ್ದು ಕಾರ್ಡಿನ ಬಗ್ಗೆ. ನಾ ಮಾಡೂದು ಕಾಗದದ್ದು."

ಮಾಡಿದರು ನೋಡಿ. ಇಲ್ಲೇ ನೆಲೆಸಲು ಪಿಆರ್ ಬಂದ ಪತ್ರ, ಮಾರ್ಟ್‌ಗೇಜ್ ಮಂಜೂರಾದ ಪತ್ರ, ಮನೆಯ ಮೊದಲ ಕರೆಂಟ್ ಬಿಲ್, ದೇವರ ಮನೆಯ ವೆಂಕಪ್ಪನ ಫೋಟೋ, ನಮ್ಮ ಅವ್ವ ಪೋಸ್ಟ್‌ಕಾರ್ಡಿನಲ್ಲಿ ಬರೆದ ಗುರೆಳ್ಳು ಚಟ್ನಿಪುಡಿಯ ಅಳತೆ. ನಮ್ಮ ಬಡಾವಣೆ ಮಾರ್ಸ್ಡನ್ ಪಾರ್ಕ್‌ನ ಅರ್ಧದಷ್ಟು ಕನ್ನಡದ ಮನೆಗಳಲ್ಲಿ ಫ್ರಿಜ್ ಮೇಲೆ ಇರುವ, ಯಾವ ವಾರ ಯಾವ ಕಸದ ಡಬ್ಬಿ ಹೊರಗಿಡಬೇಕೆಂಬ ಕ್ಯಾಲೆಂಡರ್ ಇವರ ಕೈಯಲ್ಲೇ ಲ್ಯಾಮಿನೇಟ್ ಆದದ್ದು. ಜನ ಭಾನುವಾರ ಕವರಿನಲ್ಲಿ ಕಾಗದ ಹಿಡಿದು ಬರುತ್ತಿದ್ದರು, ಇವರು ಚಹಾ ಕೊಟ್ಟು ಕೂರಿಸಿ ಮೆಷಿನ್ ಬಿಸಿ ಮಾಡುತ್ತಿದ್ದರು. ನನ್ನ ಮಗಳು "ಅಪ್ಪ, ಯು ನೀಡ್ ಹೆಲ್ಪ್" ಎಂದಳು. ಅವಳ ವ್ಯಾಕ್ಸಿನೇಶನ್ ಪುಸ್ತಕವನ್ನೂ ಮಾಡಿದರು, ಒಂದೊಂದು ಪುಟ ಬಿಚ್ಚಿ.

ಈಗ ವಿಮಲಾ ಆಂಟಿಯ ವಿಷಯಕ್ಕೆ ಬರುತ್ತೇನೆ.

ಮೆಲ್ಬರ್ನ್‌ನಲ್ಲಿ ನಮ್ಮ ಕಂಪನಿಯದು ಬರೀ ಕೌಂಟರ್. ಅಲ್ಲಿ ಕೊಟ್ಟದ್ದು ಗ್ರೇಡಿಂಗ್‌ಗೆ ಸಿಡ್ನಿಗೆ ಬರುತ್ತಿತ್ತು. ಒಂದು ದಿನ ಒಂದು ಕವರ್ ಬಂತು, ಒಳಗೆ ಒಂದೇ ಒಂದು ಹಳೆಯ ಬೇಸ್‌ಬಾಲ್ ಕಾರ್ಡ್, ಜೊತೆಗೆ ಕನ್ನಡದಲ್ಲಿ ಒಂದು ಚೀಟಿ. ಕೌಂಟರಿನವರು ನನ್ನ ಹೆಸರು ಹೇಳಿದ್ದರಂತೆ. ನಾನು ಫೋನ್ ಮಾಡಿದೆ.

ಆಂಟಿ ಮೈಸೂರಿನವರು, ಎಪ್ಪತ್ತು ದಾಟಿದವರು, ಗ್ಲೆನ್ ವೇವರ್ಲಿಯಲ್ಲಿ ಮನೆ. ಅವರ ಯಜಮಾನರು ಮೂರ್ತಿ ಅಂಕಲ್ ಬಿಸ್ಕತ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದವರು, ಆ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಬಂದ ಹೊಸತರಲ್ಲಿ ಅಂಕಲ್ ಮನೆ ಹತ್ತಿರದ ಮೈದಾನದಲ್ಲಿ ಬೇಸ್‌ಬಾಲ್ ನೋಡಿ, ಇದು ಕೆಟ್ಟ ಕ್ರಿಕೆಟ್ ಎಂದು ತಿಳಿದು, ಬ್ಯಾಟ್ ಹೀಗೆ ಹಿಡಿಯಬಾರದು ಎಂದು ಬೇಲಿಯಾಚೆಯಿಂದ ಹೇಳಿಕೊಡಲು ಹೋದರಂತೆ. ಪ್ರತಿ ಶನಿವಾರ ಹೋದರಂತೆ. ಕೊನೆಗೆ ಕ್ಲಬ್ಬಿನವರು ಬಾಯಿ ಮುಚ್ಚಿಸಲು ಕೈಗೆ ಪೆನ್ಸಿಲ್ ಕೊಟ್ಟು ಸ್ಕೋರ್ ಬರೆಯಲು ಕೂರಿಸಿದರು. ಇಪ್ಪತ್ತೆಂಟು ವರ್ಷ ಬರೆದರು.

ಜೊತೆಗೆ ಕಾರ್ಡ್ ಕೂಡಿಸುವ ಹುಚ್ಚು ಹತ್ತಿತು. ತಾವು ಹುಟ್ಟಿದ ವರ್ಷ ಅಮೆರಿಕದಲ್ಲಿ ಆಡಿದ ಒಂದು ತಂಡ, ಮೈದಾನದಲ್ಲಿ ನಿಲ್ಲುವ ಒಂಬತ್ತು ಜನ, ಒಂಬತ್ತು ಕಾರ್ಡ್. ಎಂಟು ಬೇಗ ಸಿಕ್ಕವು. ಒಂಬತ್ತನೆಯವನು ಎಡಗಡೆ ಮೂಲೆಯಲ್ಲಿ ನಿಲ್ಲುವವನು, ಒಂದೇ ವರ್ಷ ಆಡಿ ಮನೆಗೆ ಹೋದವನು. ಅವನಿಗೋಸ್ಕರ ಹನ್ನೊಂದು ವರ್ಷ ಹುಡುಕಿದರು. ತೀರಿಕೊಳ್ಳುವ ಸ್ವಲ್ಪ ಮುಂಚೆ ಸಿಕ್ಕಿತು. ಆದರೆ ಅಸಲಿಯೋ ನಕಲಿಯೋ ಗೊತ್ತಾಗುವ ಮೊದಲೇ ಹೋದರು.

"ನನ್ನ ಹುಟ್ಟಿದಬ್ಬ ಮರೀತಿದ್ರಮ್ಮ. ಈ ಒಂಬತ್ತನೇ ಗಂಡಸನ್ನ ಒಂದಿನ ಮರೀಲಿಲ್ಲ," ಎಂದರು ಆಂಟಿ ಫೋನಿನಲ್ಲಿ. "ಕ್ಲಬ್ನವ್ರು ಅವರ ಹೆಸರಲ್ಲಿ ಒಂಬತ್ತನ್ನೂ ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ತಾರಂತೆ. ಸೀಸನ್ ಶುರುವಾಗೋ ಭಾನುವಾರ. ಅದಕ್ಕೆ ಮೊದ್ಲು ಇದು ನಿಜವಾದ್ದೋ ಅಲ್ವೋ ಹೇಳಿಬಿಡು. ಸುಳ್ಳು ಮನುಷ್ಯನ್ನ ಗೋಡೆಗೆ ಹಾಕೋದು ಬೇಡ."

ನಾನು ಆ ಕಾರ್ಡಿನ ಮೇಲೆ ಮೂರು ದಿನ ಕೂತೆ. ಕಾಗದದ ನಾರು, ಅಚ್ಚಿನ ಚುಕ್ಕೆ, ಮಸಿ, ದಪ್ಪ, ಎಲ್ಲ ನೋಡಿದೆ. ಅಸಲಿ. ಅಷ್ಟು ಹಳೆಯದಕ್ಕೆ ಮೂಲೆಗಳು ಆಗಷ್ಟೇ ಕತ್ತರಿಸಿದ ಬರ್ಫಿಯ ಹಾಗೆ ಚೂಪಾಗಿದ್ದವು. ಎಂಟು ಅಂಕ ಕೊಟ್ಟೆ. ಆ ವರ್ಷ ನಾನು ಆ ಕಾಲದ ಇನ್ಯಾವ ಕಾರ್ಡಿಗೂ ಎಂಟು ಕೊಟ್ಟಿರಲಿಲ್ಲ. ಕ್ಲಬ್ಬಿನ ಬಡಗಿ ಬರಿ ಕಾರ್ಡಿನ ಅಳತೆಗೆ ಮರದಲ್ಲಿ ಒಂಬತ್ತು ಗೂಡು ಕೊರೆದಿದ್ದ, ಆದ್ದರಿಂದ ನಮ್ಮ ಪ್ಲಾಸ್ಟಿಕ್ ಡಬ್ಬಿ ಬೇಡ ಎಂದರು ಆಂಟಿ. ಕೊರಿಯರ್ ಕೂಡ ಬೇಡ. "ನೀನೇ ತಂದುಕೊಡು, ಹಾಗೇ ಊಟಕ್ಕೆ ಬಾ."

ಇಲ್ಲಿಂದ ನನ್ನ ತಪ್ಪು. ಚೆನ್ನಾಗಿ ಓದಿಕೋ ಸಿಂಚನಾ.

ಕೈಯಲ್ಲಿ ಒಯ್ಯುವ ಕಾರ್ಡನ್ನು ಹೊರಡುವ ದಿನವೇ ಆಫೀಸಿನ ಸೇಫ್‌ನಿಂದ ತೆಗೆಯಬೇಕು ಎಂದು ನಿಯಮ. ನನ್ನ ವಿಮಾನ ಶನಿವಾರ ಮಧ್ಯಾಹ್ನ. ಆಫೀಸು ಪ್ಯಾರಮ್ಯಾಟದಲ್ಲಿ, ಮನೆ ಮಾರ್ಸ್ಡನ್ ಪಾರ್ಕ್‌ನಲ್ಲಿ. ಒಂದು ಕಾರ್ಡಿಗೋಸ್ಕರ ಶನಿವಾರ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಶುಕ್ರವಾರ ಸಂಜೆಯೇ ಬ್ಯಾಗಿಗೆ ಹಾಕಿಕೊಂಡು ಬಂದೆ. ಹದಿನಾರು ವರ್ಷದಲ್ಲಿ ಮೊದಲ ಸಲ. ಶನಿವಾರ ಬೆಳಿಗ್ಗೆ ಅದರ ತೆಳು ಕವರ್ ಸಮೇತ ಊಟದ ಮೇಜಿನ ಮೇಲೆ, ಟಿಕೆಟ್ಟಿನ ಪ್ರಿಂಟ್ ಪಕ್ಕ ಇಟ್ಟೆ. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ, ಸ್ನಾನಕ್ಕೆ ಹೋದೆ.

ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ಮನೆಯಲ್ಲಿ ಬಿಸಿ ಪ್ಲಾಸ್ಟಿಕ್ ವಾಸನೆ.

ನನಗೆ ಆ ವಾಸನೆ ಗೊತ್ತು. ಬ್ಯಾಗಿನ ಕಡೆ ನೋಡಲಿಲ್ಲ, ಮೇಜಿನ ಕಡೆ ನೋಡಲಿಲ್ಲ, ಸೀದಾ ಗಂಡನ ಕೈ ನೋಡಿದೆ.

"ಬಾ ಇಲ್ಲೆ," ಎಂದರು ನಗುತ್ತಾ. "ಹೆಂಗ ಮಿಂಚಲಿಕ್ಕತ್ತದ ನೋಡು. ಪಾಪ, ಹಳೇದು, ಪ್ರಯಾಣದಾಗ ಮಡಚಿಗಿಡಚೀತು ಅಂತ ಮಾಡಿಟ್ಟೆ. ದಪ್ಪ ಪೌಚ್ ಹಾಕೀನಿ, ಅಗದೀ ಛಲೋದು."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಏನಾತು? ಸಕ್ರಿ ಕಡಿಮಿ ಆತೇನು?"

"ಶ್ರೀಕಾಂತ," ಎಂದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆಗ ಅವರಿಗೆ ಏನೋ ಆಗಿದೆ ಎಂದು ತಿಳಿಯಿತು.

ಹೇಳಿದೆ. ಕೇಳಿದರು. ಆದರೂ ವಾದ ಬಿಡಲಿಲ್ಲ.

"ನೀವೂ ಪ್ಲಾಸ್ಟಿಕ್ ಡಬ್ಬಿಯೊಳಗ ಇಡ್ತೀರಿ. ನಾನೂ ಪ್ಲಾಸ್ಟಿಕ್‌ನೊಳಗ ಇಟ್ಟೀನಿ. ಫರಕ್ ಏನು?"

"ನಮ್ಮದು ಕಾರ್ಡಿಗೆ ಹತ್ತಂಗಿಲ್ಲ. ನಿಮ್ಮದು ಹತ್ತಿಕೊಂಡ ಬಿಡ್ತದ."

"ಹತ್ತಿಕೊಂಡ್ರ ಛಲೋ ಅಲ್ಲೇನು? ಬೀಳಂಗಿಲ್ಲ."

ಕನ್ನಡಿ ತೆಗೆದು ನೋಡಿದೆ. ಅಭ್ಯಾಸ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ, ಸುತ್ತ ಮೂರು ಮಿಲಿಮೀಟರ್ ಅಂಚು ಬಿಟ್ಟು ನೀಟಾಗಿ ಕತ್ತರಿಸಿದ್ದರು. ಲ್ಯಾಮಿನೇಶನ್ನಿಗೆ ಅಂಕ ಕೊಡುವಂತಿದ್ದರೆ ಹತ್ತಕ್ಕೆ ಹತ್ತು. ನನ್ನ ಜೀವನದಲ್ಲಿ ಇಷ್ಟು ಚೆನ್ನಾಗಿ ಹಾಳು ಮಾಡಿದ ಕಾರ್ಡ್ ನೋಡಿರಲಿಲ್ಲ.

ಏರ್‌ಪೋರ್ಟಿಗೆ ಕಾರಿನಲ್ಲಿ ಬಿಡಲು ಬಂದರು. ಇಳಿಯುವಾಗ, "ನಾ ಬರ್ಲೇನು ಜೋಡಿ? ನಾ ಹೇಳ್ತೀನಿ ಅವರಿಗೆ," ಎಂದರು. ಬೇಡ ಎಂದೆ. ಹೇಳಬೇಕಾದವಳು ಸೇಫ್‌ನಿಂದ ತೆಗೆದವಳು.

ವಿಮಾನದಲ್ಲಿ ನನಗೆ ಬಂದ ಯೋಚನೆಯನ್ನೂ ಬರೆಯುತ್ತೇನೆ, ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಕಲಿ ಎಂದುಬಿಟ್ಟರೆ? ಆಂಟಿ, ಇದು ನಕಲಿ, ಬಣ್ಣದ ಪ್ರಿಂಟು, ಅದಕ್ಕೇ ಸುಮ್ಮನೆ ಲ್ಯಾಮಿನೇಟ್ ಮಾಡಿ ನೆನಪಿಗೆ ಇಟ್ಟುಕೊಳ್ಳಿ ಎಂದರೆ ಮುಗಿಯಿತು. ಹಾಳಾದದ್ದು ಏನೂ ಇಲ್ಲ. ಗೋಡೆಯ ಮೇಲೆ ಎಂಟು ಇರುತ್ತವೆ. ನನ್ನ ಮಾತಿನ ಮೇಲೆ ಮಾತಾಡುವವರು ಇಡೀ ದೇಶದಲ್ಲಿ ಮೂರೋ ನಾಲ್ಕೋ ಜನ, ಅವರಲ್ಲಿ ಯಾರೂ ಗ್ಲೆನ್ ವೇವರ್ಲಿಗೆ ಬರುವುದಿಲ್ಲ. ರಿಪೋರ್ಟ್ ಇನ್ನೂ ಕಳಿಸಿರಲಿಲ್ಲ. ಮೆಲ್ಬರ್ನ್‌ನಲ್ಲಿ ಇಳಿಯುವಷ್ಟರಲ್ಲಿ ನಾನು ವಾಕ್ಯ ಕೂಡ ಜೋಡಿಸಿಕೊಂಡಿದ್ದೆ.

ಆಂಟಿ ಬಾಗಿಲಲ್ಲೇ ನಿಂತಿದ್ದರು. ಕುಳ್ಳಗೆ, ಬೆಳ್ಳಗೆ, ಕಾಟನ್ ಸೀರೆಯ ಮೇಲೆ ಗಂಡನ ಕ್ಲಬ್ಬಿನ ಜಾಕೆಟ್ಟು.

"ಬಾಮ್ಮ. ಮೊದ್ಲು ಕೈಕಾಲು ತೊಳ್ಕೊ."

"ಆಂಟಿ, ಆ ಕಾರ್ಡಿನ ವಿಷಯ..."

"ಕಾರ್ಡ್ ಎಲ್ಲಿಗೂ ಓಡಲ್ಲ. ಕಾಫಿ ಕುಡಿ."

ಕುಡಿದೆ. "ಆಂಟಿ, ನಾನು ನಿಮಗೆ ಒಂದು ಮಾತು..."

"ಬಿಸಿಬೇಳೆಬಾತ್ ಆರೋಗುತ್ತೆ. ಹುಬ್ಬಳ್ಳಿಯವ್ರು ಖಾರ ಜಾಸ್ತಿ ತಿಂತೀರಂತೆ, ಹಾಕಿದೀನಿ."

ತಿಂದೆ. ಎರಡು ಸಲ ಬಡಿಸಿದರು. ಮೂರನೇ ಸಲ ಸೌಟು ಎತ್ತಿದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಆಗ ಆಂಟಿ ಕೈ ಒರೆಸಿಕೊಂಡು ಎದುರಿಗೆ ಕೂತರು.

"ಅವರು ಆಸ್ಪತ್ರೇಲಿದ್ದಾಗ ನನ್ನ ಹತ್ರ ಕೇಳಿದ್ದು ಒಂದೇ ಅಮ್ಮ. ವಿಮಲಾ, ಅದು ನಿಜವಾದ್ದೋ ಅಲ್ವೋ ವಿಚಾರಿಸು ಅಂತ. ನಾನು, ನಿಮಗೆ ಹೆಂಡತಿ ಬೇಕೋ ಆ ಎಡಗಡೆ ನಿಲ್ಲೋನು ಬೇಕೋ ಅಂತ ರೇಗಿದೆ. ಈಗ ಹೇಳು, ಏನದು?"

ವಿಮಾನದಲ್ಲಿ ಜೋಡಿಸಿಟ್ಟ ವಾಕ್ಯ ಬಾಯಿವರೆಗೆ ಬಂದು ನಿಂತಿತು. ಅಕ್ಕಿಯಲ್ಲಿ ಹರಳು ಕಂಡೂ ಹಾಗೇ ಬಿಟ್ಟ ಹಾಗಾಗುತ್ತದೆ ಎನ್ನಿಸಿತು. ಹೋದ ಮನುಷ್ಯನ ಹಲ್ಲಿಗೆ ಸಿಗುವ ಹರಳು ಅದು.

"ಅಸಲಿ ಆಂಟಿ," ಎಂದೆ. "ನೂರಕ್ಕೆ ನೂರು ಅಸಲಿ. ನಾನು ಎಂಟು ಅಂಕ ಕೊಟ್ಟಿದ್ದೆ." ಆಮೇಲೆ ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಇಟ್ಟೆ.

ಆಂಟಿ ಕನ್ನಡಕ ಹಾಕಿಕೊಂಡರು. ಕೈಗೆತ್ತಿಕೊಂಡು ಬಾಗಿಸಿ ನೋಡಿದರು. ಟೇಬಲ್ಲಿಗೆ ಟಕ್ಕೆಂದು ಬಡಿದರು. ಮುಖ ಅರಳಿತು.

"ಎಷ್ಟು ಗಟ್ಟಿಯಾಗಿದೆ. ನಿಮ್ಮ ಆಫೀಸಲ್ಲಿ ಇದನ್ನೂ ಮಾಡ್ಕೊಡ್ತೀರಾ? ಮಿಕ್ಕಿದ್ದು ಎಂಟೂ ತರ್ತೀನಿ ತಾಳು, ಮಾಡಿಸ್ಕೊಟ್ಬಿಡು."

ನಾನು ಅಳಬೇಕೋ ನಗಬೇಕೋ ತಿಳಿಯದೆ ಎದ್ದು ನಿಂತೆ. ಆಂಟಿ ಒಳಗೆ ಹೋಗಿ ಸ್ಟೀಲ್ ಡಬ್ಬಿ ತಂದರು, ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ. ಎಂಟು ಕಾರ್ಡ್, ಎಪ್ಪತ್ತು ವರ್ಷ ಯಾರೂ ಕೆಡಿಸದ ಎಂಟು ಕಾರ್ಡ್. ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ಕೂತು, ನನ್ನ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಮೇಲಿಟ್ಟೆ. ಆಮೇಲೆ ಎಲ್ಲ ಹೇಳಿದೆ. ಸೇಫು, ಶುಕ್ರವಾರ, ಸ್ನಾನ, ಶ್ರೀಕಾಂತ, ಅಂಟು, ಗ್ರೇಡ್ ಇಲ್ಲ. ವಿಮಾನದಲ್ಲಿ ಸುಳ್ಳು ಹೇಳಬೇಕೆಂದುಕೊಂಡದ್ದನ್ನೂ ಹೇಳಿದೆ. ಕಂಪನಿಯ ವಿಮೆ ಇದೆ, ಬರೆದು ಕೊಡುತ್ತೇನೆ ಎಂದೆ.

ಆಂಟಿ ಕಾರ್ಡನ್ನು ಬೆಳಕಿಗೆ ಹಿಡಿದು ಆಟಗಾರನ ಮುಖ ನೋಡಿದರು.

"ಮನುಷ್ಯ ಅವನೇ ತಾನೇ?"

"ಅವನೇ ಆಂಟಿ."

"ನಿಜವಾದ್ದೇ ತಾನೇ?"

"ನಿಜವಾದ್ದೇ."

"ಅವರು ಕೇಳಿದ್ದು ಅಷ್ಟೇ." ಕಾರ್ಡನ್ನು ಮಗುಚಿ ಹಿಂಭಾಗ ನೋಡಿದರು. "ಈಗ ಇದನ್ನ ಯಾರೂ ಕದಿಯಲ್ಲ ಅಲ್ವಾ?"

"ಇಲ್ಲ."

"ಆ ಕ್ಲಬ್ ನೋಡಿದೀಯಾ ನೀನು? ಸಾಸೇಜ್ ತಿಂದ ಕೈಲಿ ಗೋಡೆ ಮುಟ್ತಾರೆ. ಇದೊಂದಾದ್ರೂ ಒರೆಸ್ಬೋದು." ಆಮೇಲೆ ಧ್ವನಿ ಬದಲಾಯಿತು. "ಆದ್ರೆ ನಿಮ್ಮ ಯಜಮಾನ್ರಿಗೆ ಫೋನ್ ಮಾಡು. ಅವರನ್ನ ಸುಮ್ನೆ ಬಿಡಲ್ಲ."

ಸ್ಪೀಕರ್ ಹಾಕಿದೆ. ಮೊದಲ ರಿಂಗಿಗೇ ಎತ್ತಿದರು, ಫೋನ್ ಹಿಡಿದೇ ಕೂತಿದ್ದರೆಂದು ಕಾಣುತ್ತದೆ.

"ಏನಪ್ಪ, ನಿಮ್ಮದಲ್ಲದ ವಸ್ತು ಮುಟ್ಟೋಕ್ಮುಂಚೆ ಕೇಳ್ಬೇಕು ಅಂತ ಗೊತ್ತಾಗಲ್ವಾ?"

"ತಪ್ಪಾತ್ರೀ ಬಾಯಾರ. ಅಗದೀ ತಪ್ಪಾತು."

"ಮನೇಲಿ ಹೆಂಡ್ತಿ ಸ್ನಾನಕ್ಕೆ ಹೋದ್ರೆ ನೀವು ಹೀಗೆಲ್ಲ ಮಾಡ್ತೀರಾ?"

"ಇನ್ನ ಮ್ಯಾಲೆ ಆಕಿ ಸ್ನಾನಕ್ಕ ಹೋದ್ರ ನಾ ಹೊರಗ ನಿಲ್ತೀನ್ರಿ."

ಐದು ನಿಮಿಷ ಬೈದರು. ನನಗೂ ಸ್ವಲ್ಪ ಸಮಾಧಾನವಾಯಿತು. ಬೈಗುಳ ಮುಗಿದ ಮೇಲೆ ಆಂಟಿ ಫೋನಿಗೆ ಹತ್ತಿರ ಬಾಗಿ, ಮೆಲ್ಲಗೆ ಕೇಳಿದರು. "ಅಂದ ಹಾಗೆ, ಎಷ್ಟು ದಪ್ಪದ ಪೌಚ್ ಹಾಕಿದ್ರಿ? ನನ್ ಹತ್ರ ಅವರ ಸ್ಕೋರ್ ಬುಕ್ ಇದೆ."

ನಾನು ಫೋನ್ ಕಟ್ ಮಾಡಿದೆ.

ಭಾನುವಾರ ಕ್ಲಬ್ಬಿನಲ್ಲಿ ಇನ್ನೊಂದು ಗೋಳು. ಆ ಮೂರು ಮಿಲಿಮೀಟರ್ ಅಂಚಿನಿಂದ ಕಾರ್ಡು ಗೂಡಿನಲ್ಲಿ ಕೂರಲಿಲ್ಲ. ಆಂಟಿ ಚೀಲದಿಂದ ಕೊತ್ತಂಬರಿ ಕತ್ತರಿಸುವ ಕತ್ತರಿ ತೆಗೆದರು. "ಒಂಚೂರು ಕತ್ತರಿಸಿದ್ರೆ ಆಯ್ತು." ಕತ್ತರಿ ಕಾರ್ಡಿಗೇ ತಾಗೀತೆಂದು ಅವರ ಕೈ ಹಿಡಿದೆ; ಹದಿನಾರು ವರ್ಷದ ಸರ್ವಿಸ್ಸಿನಲ್ಲಿ ಯಾರ ಕೈಯನ್ನೂ ಹಾಗೆ ಹಿಡಿದಿರಲಿಲ್ಲ. ಕೊನೆಗೆ ಕ್ಲಬ್ಬಿನ ಬಡಗಿ ಉಳಿ ತಂದು ಒಂಬತ್ತನೇ ಗೂಡನ್ನು ಅಗಲ ಮಾಡಿದ. ಉಳಿದ ಎಂಟು ಬರಿ ಕಾರ್ಡುಗಳ ಮುಂದೆ ಗಾಜು ಹಾಕಿಸಲು ನಾನೇ ನಿಂತೆ, ಕಾರ್ಡಿಗೆ ತಾಗದಷ್ಟು ಅಂತರ ಬಿಡಿಸಿ.

ಗೋಡೆಗೆ ಹಾಕಿದಾಗ ಎಂಟು ಮಂಕಾಗಿ, ಒಂದು ಫಳಫಳ. ಕ್ಲಬ್ಬಿನ ಅಧ್ಯಕ್ಷ ಬಗ್ಗಿ ನೋಡಿ, "ಇದೊಂದು ಯಾಕೆ ಹೀಗೆ ಹೊಳೆಯುತ್ತೆ?" ಎಂದು ಕೇಳಿದ. ಆಂಟಿ ಜಾಕೆಟ್ಟಿನ ಜಿಪ್ ಎಳೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದರು, "ಅವನು ಲೇಟಾಗಿ ಬಂದ. ಅದಕ್ಕೆ ಡ್ರೆಸ್ ಮಾಡ್ಕೊಂಡು ಬಂದ."

ಸೋಮವಾರ ಗ್ರೇಮ್ ಮುಂದೆ ನಿಂತು ಹೇಳಿದೆ. ಅವನು ಪೂರ್ತಿ ಕೇಳಿ, ಎದ್ದು ಕಿಟಕಿ ಹತ್ತಿರ ಹೋಗಿ ಕಾರ್‌ಪಾರ್ಕ್ ನೋಡುತ್ತಾ ನಿಂತ. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಕೊನೆಗೂ ತಿಳಿಯಲಿಲ್ಲ. ತಿರುಗಿದಾಗ ಮುಖ ನೆಟ್ಟಗಿತ್ತು. "ರಿಪೋರ್ಟ್ ಬರಿ," ಎಂದ.

ಬರೆದೆ. 'ಅಸಲಿ. ಗ್ರೇಡ್ ಇಲ್ಲ. ಕಾರಣ: ಗ್ರೇಡರ್‌ನ ಗಂಡ.' ಗ್ರೇಮ್ ಕೊನೆಯ ಸಾಲನ್ನು ಹೊಡೆದು 'ಕಾರಣ: ಗ್ರೇಡರ್' ಎಂದು ತಿದ್ದಿದ. ಸರಿಯಾಗಿಯೇ ತಿದ್ದಿದ. ಆರು ತಿಂಗಳು ನನ್ನನ್ನು ಮೇಜಿನಿಂದ ತೆಗೆದು ಮತ್ತೆ ಲೇಬಲ್ ಅಂಟಿಸಲು ಕೂರಿಸಿದ. ಆಂಟಿ ವಿಮೆ ಬೇಡವೆಂದು ಕನ್ನಡದಲ್ಲಿ ಪತ್ರ ಬರೆದಿದ್ದರು, ಅದನ್ನು ಗ್ರೇಮ್‌ಗೆ ಅನುವಾದ ಮಾಡಿ ಓದಬೇಕಾದವಳೂ ನಾನೇ. 'ಹುಡುಗಿ ಒಳ್ಳೆಯವಳು, ಗಂಡ ಸ್ವಲ್ಪ ಜಾಸ್ತಿ ಒಳ್ಳೆಯವನು' ಎಂದಿತ್ತು. ಮರುದಿನ ಗೋಡೆಯ ಮೇಲೆ ಏನೂ ಅಂಟಿಸಿರಲಿಲ್ಲ. ಈ ಸಲದ ನಿಯಮ ಹದಿನಾಲ್ಕನೇ ಪ್ರಶ್ನೆಯಾಗಿ ಜಾಯ್ನಿಂಗ್ ಫಾರ್ಮಿಗೇ ಹೋಗಿತ್ತು.

ಕೊನೆಯ ವರ್ಷಗಳಲ್ಲಿ ಸ್ಕ್ಯಾನ್ ಮಾಡಿ ತಾನೇ ಅಂಕ ಕೊಡುವ ಮೆಷಿನ್ ಬಂತು. ನೀನು ಅದರ ಜೊತೆಗೇ ಕೆಲಸ ಮಾಡುತ್ತೀಯ. ಚೆನ್ನಾಗಿದೆ, ಬೇಗ ನೋಡುತ್ತದೆ, ಮಾವಿನಹಣ್ಣು ತಿನ್ನುವುದಿಲ್ಲ. ಬಂದ ಮೊದಲ ದಿನ ಪರೀಕ್ಷೆಗೆಂದು ನಾನು ಗಂಡ ಲ್ಯಾಮಿನೇಟ್ ಮಾಡಿದ್ದ ನನ್ನ ಲೈಬ್ರರಿ ಕಾರ್ಡ್ ಒಳಗೆ ಹಾಕಿದೆ. 'ಮೇಲ್ಮೈ: ಹತ್ತು' ಎಂದಿತು. ಸರಿಪಡಿಸಿದ್ದಾರಂತೆ, ನಂಬಬೇಡ. ಮೆಷಿನ್ ಹೇಳಿದ ಮೇಲೆ ನೀನೂ ಒಮ್ಮೆ ಬೆರಳಲ್ಲಿ ಮುಟ್ಟಿ ನೋಡು, ಮೂಸಿ ನೋಡು. ನುಸಿಗುಳಿಗೆ ವಾಸನೆ ಬಂದರೆ ಹೆಚ್ಚಾಗಿ ನಮ್ಮವರದೇ ಇರುತ್ತದೆ, ಮೊದಲು ಫೋನ್ ಮಾಡಿ ಮಾತಾಡು. ನೋಡಿದ್ದನ್ನು ನೋಡಿದ ಹಾಗೆ ಹೇಳು. ತಪ್ಪಿದ್ದರೆ ನಿನ್ನ ತಪ್ಪನ್ನೂ ಅದೇ ಕಾಗದದಲ್ಲಿ ಬರಿ. ಸೇಫ್‌ನಿಂದ ಹಿಂದಿನ ದಿನ ತೆಗೆಯಬೇಡ. ಹದಿನಾಲ್ಕನೇ ಪ್ರಶ್ನೆಗೆ ಮನೆಯವರನ್ನು ಕೇಳಿ ಉತ್ತರ ಬರಿ, ಗೊತ್ತಿಲ್ಲದೆ 'ಇಲ್ಲ' ಎನ್ನಬೇಡ. ಅಪ್ಪಂದಿರು ಗ್ಯಾರೇಜಿನಲ್ಲಿ ಇಟ್ಟಿರುತ್ತಾರೆ.

ನಾನು ಹೋದ ವರ್ಷ ರಿಟೈರ್ ಆದೆ. ಐವತ್ತೇಳಕ್ಕೇ ಬಿಟ್ಟೆ, ಕಣ್ಣು ಸೋತಿತ್ತು. ಕೊನೆಯ ದಿನ ಆಫೀಸಿನವರೆಲ್ಲ ಒಂದು ದೊಡ್ಡ ಕಾರ್ಡಿನ ಮೇಲೆ ಸಹಿ ಹಾಕಿ ಕೊಟ್ಟರು. ಗ್ರೇಮ್ ಒಂದು ಪ್ಯಾರಾ ಬರೆದಿದ್ದ, ಏನೆಂದು ಇಲ್ಲಿ ಹೇಳುವುದಿಲ್ಲ. ಮೆಲ್ಬರ್ನ್‌ನಿಂದ ಆಂಟಿ ಕೂಡ ಒಂದು ಸಾಲು ಕಳಿಸಿದ್ದರು, ಅದನ್ನು ಕತ್ತರಿಸಿ ಅಂಟಿಸಿದ್ದರು. ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟೆ.

ಶ್ರೀಕಾಂತ ಅದನ್ನು ನೋಡಿದರು. ನನ್ನನ್ನು ನೋಡಿದರು. ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಕೇಳಿ ಮಾಡ್ಬೇಕಲ್ಲ," ಎಂದರು. "ಅದಕ್ಕ ಕೇಳ್ತೀನಿ."

ಇನ್ನು ನಾನು ಇದಕ್ಕೆ ಅಂಕ ಕೊಡಬೇಕಾಗಿಲ್ಲವಲ್ಲ ಎಂದುಕೊಂಡೆ. "ಮಾಡ್ರಿ," ಎಂದೆ.

ಹತ್ತು ನಿಮಿಷದಲ್ಲಿ ತಂದುಕೊಟ್ಟರು. ಬಿಸಿಯಾಗಿತ್ತು. ಕೈ ತಾನಾಗಿ ಭೂತಗನ್ನಡಿಗೆ ಹೋಯಿತು. ಕೆಳಗಿನ ಬಲಮೂಲೆಯಲ್ಲಿ, ಗ್ರೇಮ್ ಹೆಸರಿನ ಪಕ್ಕ, ಸಾಸಿವೆ ಕಾಳಷ್ಟು ಒಂದು ಗುಳ್ಳೆ.

"ಎಷ್ಟು?" ಎಂದು ಕೇಳಿದರು.

"ಆರು," ಎಂದೆ. ಮೂರು ದಿನ ಮಾತು ಬಿಟ್ಟರು.